ದುರಸ್ತಿಗೊಂದು ಲೆಕ್ಕಶೀರ್ಷಿಕೆ ಬೇಕು

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಬಸ್ಸು ಶಿರಾಡಿ ಘಾಟಿಯ ತಿರುವುಗಳನ್ನೆಲ್ಲ ಇಳಿದು ಮೊದಲ ಬಾರಿಗೆ ನಿಟ್ಟುಸಿರು ಬಿಡುವುದು ಗುಂಡ್ಯದಲ್ಲಿ. ಸುಬ್ರಹ್ಮಣ್ಯಕ್ಕೆ ಹೋಗುವವರು ಅಲ್ಲಿಂದ ಎಡಕ್ಕೆ ಹೊರಳುತ್ತಾರೆ. ಉಳಿದವರು ಚಹಾ ಕುಡಿದು ಮುಂದೆ ಸಾಗುತ್ತಾರೆ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಈ ಊರಿನ ಆಸುಪಾಸಿನ ತೋಟದ ಮನೆಯೊಂದರಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನ್ನ ಬಳಿಗೆ, ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಸಮೀಪದ ಸಹಕಾರ ಸಂಘವೊಂದರ ಕಾರ್ಯದರ್ಶಿ ಬಂದರು. ಸಂಘದಲ್ಲಿ ಮೂರು ಗಣಕಯಂತ್ರಗಳಿವೆ, ಮೂರೂ ಚೆನ್ನಾಗಿಯೇ ನಡೆಯುತ್ತಿವೆ. ಆದರೆ ಇನ್ನು ಅವನ್ನು ನಂಬಬಾರದೆಂದು ಎಲ್ಲರೂ ಹೇಳುತ್ತಿದ್ದಾರೆ. ಕೆಡದೇ ಇರುವ ಯಂತ್ರವನ್ನು ಕೆಟ್ಟಿತೆಂದು ಲೆಕ್ಕಪರಿಶೋಧಕರಿಗೆ ಹೇಗೆ ಬರೆದುಕೊಡುವುದು? ಇದು ಅವರ ಪ್ರಶ್ನೆ.

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳ ನಡುವೆ ಬದುಕಿದವನಿಗೆ ಇದು ಹಾಸ್ಯದ ಪ್ರಶ್ನೆಯಾಗಿ ಕಾಣಲಿಲ್ಲ.

ಸಂಗತಿ ಇಷ್ಟು. 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11 ಬಂದದ್ದು 2021ರ ಅಕ್ಟೋಬರಿನಲ್ಲಿ. ಆದರೆ ಅದು ಎಲ್ಲ ಯಂತ್ರಗಳ ಮೇಲೂ ಕೂರುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಸಂಸ್ಥೆ ಒಪ್ಪಿದ ಪಟ್ಟಿಯ ಸಂಸ್ಕಾರಕ ಇರಬೇಕು. ಇಂಟೆಲ್‌ನದಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಅದರ ಈಚಿನದು. 2016ರಲ್ಲಿ ಕೊಂಡ ಯಂತ್ರ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ತೇರ್ಗಡೆಯಾಗದು. ಹೊಸ ಪರಿಷ್ಕರಣೆಗೆ ಅರ್ಹವಾಗದೆ, ಹಳೆಯದಕ್ಕೆ ದುರಸ್ತಿಯೂ ಬಾರದೆ, ಯಂತ್ರ ನಡುದಾರಿಯಲ್ಲಿ ನಿಲ್ಲುತ್ತದೆ.

ಇಂತಹ ಪರಿಷ್ಕರಣೆಗಳು ಬಂದಾಗ ಪತ್ರಿಕೆಗಳ ತಂತ್ರಜ್ಞಾನ ಪುಟಗಳು ಹೊಸ ಸೌಲಭ್ಯಗಳ ಪಟ್ಟಿ ಕೊಡುತ್ತವೆ. 2024ರ ಅಕ್ಟೋಬರಿನಲ್ಲಿ ಬಂದ 24ಎಚ್2 ಆವೃತ್ತಿಯಲ್ಲಿ ವೈ-ಫೈ 7 ಬಂತು, ವಿದ್ಯುತ್ ಉಳಿಸುವ ಹೊಸ ಏರ್ಪಾಡು ಬಂತು. ಪರದೆಯ ಮೇಲೆ ನಾವು ನೋಡಿದ್ದನ್ನೆಲ್ಲ ಚಿತ್ರವಾಗಿ ತೆಗೆದಿಡುವ ರೀಕಾಲ್ ಎಂಬ ಸೌಲಭ್ಯವನ್ನು 2024ರ ಮೇ ತಿಂಗಳಲ್ಲಿ ಘೋಷಿಸಿ, ಖಾಸಗಿತನದ ಬಗ್ಗೆ ಟೀಕೆಗಳ ಮಳೆಯೇ ಸುರಿದ ಮೇಲೆ ಹಿಂದಕ್ಕೆ ಸರಿದು, ಬಳಕೆದಾರ ಬಯಸಿದರೆ ಮಾತ್ರ ಎಂಬ ಷರತ್ತಿನೊಡನೆ ಮರುವರ್ಷ ಕೊಟ್ಟರು. ಅದೂ ವಿಶೇಷ ಯಂತ್ರಗಳಲ್ಲಿ ಮಾತ್ರ. 2025ರ ಸೆಪ್ಟೆಂಬರ್ ಕೊನೆಗೆ ಬಂದ 25ಎಚ್2ರಲ್ಲಿ ಹೇಳಿಕೊಳ್ಳುವಂಥ ಹೊಸತೇನೂ ಇರಲಿಲ್ಲ. ಹಿಂದಿನದರ ಬುನಾದಿಯ ಮೇಲೆಯೇ ನಿಂತ ಅದು ಕೆಲವು ಹಳೆಯ ಸಲಕರಣೆಗಳನ್ನು ತೆಗೆದುಹಾಕಿತು. ಪತ್ರಿಕೆಗಳಿಗೆ ಅದು ನೀರಸ ಸುದ್ದಿ. ನನಗೆ ಮಾತ್ರ ಇಂತಹ ನೀರಸ ಪರಿಷ್ಕರಣೆಗಳೇ ಅಚ್ಚುಮೆಚ್ಚು. ಅಡಿಕೆ ತೋಟದ ಲೆಕ್ಕ ಬರೆಯುವವನಿಗೆ ವೈ-ಫೈ 7 ಯಾಕೆ ಬೇಕು? ಅವನಿಗೆ ಬೇಕಾದದ್ದು ನಿನ್ನೆ ತೆರೆದ ಕಡತ ಇವತ್ತೂ ತೆರೆಯಬೇಕು ಎಂಬಷ್ಟೇ.

ನಿಜವಾದ ಬೆಲೆ ಇರುವುದು ದುರಸ್ತಿಗೆ. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಭದ್ರತಾ ದುರಸ್ತಿಗಳನ್ನು ಹೊರಡಿಸುವ ಕ್ರಮ ಇಟ್ಟುಕೊಂಡಿದೆ. ಇದನ್ನು ತಪ್ಪಿಸಿದವರಿಗೆ ಏನಾಗುತ್ತದೆ ಎಂಬುದನ್ನು 2017 ತೋರಿಸಿತು. ಆ ವರ್ಷದ ಮಾರ್ಚ್‌ನಲ್ಲಿ ಒಂದು ದೋಷಕ್ಕೆ ದುರಸ್ತಿ ಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳನ್ನು ಎರಡೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಒತ್ತೆಹಣದ ಪಿಡುಗು ಹಿಡಿಯಿತು. ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳು ಬೀಗ ಬಿದ್ದು ಕುಳಿತವು. ಬ್ರಿಟನ್ನಿನ ಆಸ್ಪತ್ರೆಗಳ ಸುದ್ದಿ ಎಲ್ಲರಿಗೂ ಗೊತ್ತು. ನಮ್ಮ ನೆರೆಯ ವಯನಾಡು ಮತ್ತು ಪತ್ತನಂತಿಟ್ಟ ಜಿಲ್ಲೆಗಳ ಗ್ರಾಮ ಪಂಚಾಯಿತಿ ಕಚೇರಿಗಳಿಗೂ ಅದು ಬಂದಿತ್ತೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಹಳ್ಳಿಯ ಗಣಕವನ್ನು ಯಾರು ಕೇಳುತ್ತಾರೆ ಎಂಬ ಸಮಾಧಾನ ಹುಸಿ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಪಿಗೂ ಹೆಸರಿನೊಡನೆ ಓದುವ ಬಾಹ್ಯ ಪರಿಣಾಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನನ್ನ ಯಂತ್ರಕ್ಕೆ ನಾನು ದುರಸ್ತಿ ಮಾಡಿಸದಿದ್ದರೆ ನಷ್ಟ ನನ್ನೊಬ್ಬನದಲ್ಲ, ನನ್ನೊಡನೆ ಜಾಲದಲ್ಲಿರುವ ಎಲ್ಲರದೂ ಹೌದು. ಸಿಡುಬಿನ ಲಸಿಕೆಯ ಹಾಗೆ. ಲಸಿಕೆಯನ್ನು ಸಮಾಜ ತನ್ನ ಖರ್ಚಿನಲ್ಲಿ ಹಾಕಿಸಿತು. ಗಣಕದ ದುರಸ್ತಿಯನ್ನು ಮಾರುಕಟ್ಟೆಗೆ ಬಿಟ್ಟಿದ್ದೇವೆ.

ಹಾಗೆಂದು ದುರಸ್ತಿಯೆಂದರೆ ಕಣ್ಣುಮುಚ್ಚಿ ಒಪ್ಪಬೇಕಾದ ಪ್ರಸಾದವೇನಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಪೂರಿತ ಪರಿಷ್ಕರಣೆಯೊಂದು ವಿಂಡೋಸ್ ಬಳಸುವ ಸುಮಾರು 85 ಲಕ್ಷ ಯಂತ್ರಗಳನ್ನು ಕೆಡವಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಅಂದು ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಆ ಅನುಭವದಿಂದ ಕಲಿತು, ಎದ್ದೇಳಲಾರದ ಯಂತ್ರ ತಾನೇ ಅಂತರಜಾಲದಿಂದ ಮದ್ದು ತರಿಸಿಕೊಳ್ಳುವ ಏರ್ಪಾಡನ್ನು 2025ರಲ್ಲಿ ವಿಂಡೋಸ್ 11ಕ್ಕೆ ಸೇರಿಸಿದರು. ಕುಖ್ಯಾತ ನೀಲಿ ಪರದೆಗೂ ಕಪ್ಪು ಬಣ್ಣ ಬಳಿದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ವಿಂಡೋಸ್ 10ಕ್ಕೆ ವಿದಾಯ ಹೇಳಿದ ಅದೇ ಅಕ್ಟೋಬರ್ 14ರ ಪರಿಷ್ಕರಣೆ ವಿಂಡೋಸ್ 11ರ ಚೇತರಿಕೆಯ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ ಮತ್ತು ಮೌಸ್‌ಗಳನ್ನು ನಿಷ್ಕ್ರಿಯಗೊಳಿಸಿತ್ತು. ಆರು ದಿನಗಳ ನಂತರ ತುರ್ತು ದುರಸ್ತಿ ಬಂತು.

ಅಂತರಜಾಲದಿಂದ ಮದ್ದು ತರಿಸುವ ಮಾತು ಗುಂಡ್ಯದಲ್ಲಿ ಕುಳಿತು ಓದಿದರೆ ನಗು ಬರುತ್ತದೆ. ಘಾಟಿಯ ಬುಡದ ಈ ಕಾಡಿನಲ್ಲಿ ಆಷಾಢದ ಮಳೆ ಹಿಡಿದರೆ ವಿದ್ಯುತ್ತೂ ಇಲ್ಲ, ಸಂಪರ್ಕವೂ ಇಲ್ಲ. ಎರಡೂ ಇದ್ದಾಗ ಗಿಗಾಬೈಟುಗಟ್ಟಲೆ ಪರಿಷ್ಕರಣೆ ಇಳಿಯಲು ಒಂದು ಹಗಲು ಬೇಕು. ಒಮ್ಮೆ ಮರುಚಾಲನೆಯ ನಡುವೆ ಕರೆಂಟು ಹೋಗಿ, ಬಂದ ಮೇಲೆ ಯಂತ್ರ ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹಿಂತೆಗೆದುಕೊಳ್ಳುವುದನ್ನು ನಾನು ನಡುರಾತ್ರಿಯವರೆಗೆ ನೋಡುತ್ತ ಕುಳಿತಿದ್ದೆ. ತಪ್ಪು ನನ್ನದೇ, ಸಿಡಿಲಿನ ಸಂಜೆ ಆ ಗುಂಡಿ ಒತ್ತಬಾರದಿತ್ತು. ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿಟ್ಟರೆ ಯಂತ್ರ ದೊಡ್ಡ ಕಡತಗಳನ್ನು ಕೇಳದೆ ಇಳಿಸಿಕೊಳ್ಳದು. ಪರಿಷ್ಕರಣೆಯನ್ನು ಕೆಲವು ವಾರ ಮುಂದೂಡಲೂ ಬಹುದು. ಒಂದು ಯಂತ್ರ ಇಳಿಸಿಕೊಂಡದ್ದನ್ನು ಅದೇ ಕಚೇರಿಯ ಇನ್ನೆರಡು ಯಂತ್ರಗಳು ಹಂಚಿಕೊಳ್ಳುವ ಏರ್ಪಾಡೂ ಇದೆ. ಇವೆಲ್ಲ ಸೆಟ್ಟಿಂಗ್ಸ್ ಪುಟದ ಒಳಗೆ ಬಹುಕಾಲದಿಂದ ಕುಳಿತಿವೆ. ಸಂಘದ ಮೂವರು ಸಿಬ್ಬಂದಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕನ್ನಡಿಗರಿಗೆ ಪರಿಷ್ಕರಣೆಯ ಋಣ ಇನ್ನೊಂದು ಬಗೆಯದು. ಯುನಿಕೋಡ್ ಕನ್ನಡ ವಿಂಡೋಸ್‌ನಲ್ಲಿ ಕಾಣಿಸಿಕೊಂಡದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಅಕ್ಷರಶೈಲಿಯೊಡನೆ. ಅದೂ ಹಾಗೇ ಮೂಡುತ್ತಿರಲಿಲ್ಲ, ಸಿ.ಡಿ. ಹಾಕಿ ಸಂಕೀರ್ಣ ಲಿಪಿಗಳ ಕಡತಗಳನ್ನು ಬೇರೆಯಾಗಿ ಸ್ಥಾಪಿಸಬೇಕಿತ್ತು. ಕಚೇರಿಗಳಲ್ಲಿ ಆಗ ನಡೆಯುತ್ತಿದ್ದದ್ದು ಕನ್ನಡ ಗಣಕ ಪರಿಷತ್ತಿನ 'ನುಡಿ', ಮನೆಗಳಲ್ಲಿ 1998ರಿಂದ ಶೇಷಾದ್ರಿವಾಸು ಅವರ 'ಬರಹ'. ಅಂದಿನ ಅಕ್ಷರಶೈಲಿಗಳಲ್ಲಿ ಉಳಿಸಿದ ಕಡತವನ್ನು ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಗೆಯ ಕಾಲು, ಗುಬ್ಬಿಯ ಕಾಲು. ಇನ್ನು ರಕಾರದ ಕಥೆ. 'ಸೂರ್ಯ'ದಲ್ಲಿ ಅರ್ಕಾವತ್ತು ಬೇಕು, 'ರ‍್ಯಾಂಕ್'ನಲ್ಲಿ ಬೇಡ. ಎರಡನ್ನೂ ಬೇರ್ಪಡಿಸಲು ಯುನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಜೋಡಕವೊಂದನ್ನು ರಕಾರ ಮತ್ತು ಹಲಂತದ ನಡುವೆ ಇಡಬೇಕು. ಅದನ್ನು ಅಕ್ಷರಶೈಲಿಯೂ ಕಾರ್ಯಾಚರಣ ವ್ಯವಸ್ಥೆಯೂ ಸಮನಾಗಿ ಅರಿತಿರಬೇಕು. ಇಂಗ್ಲಿಷ್ ಬಳಕೆದಾರನ ಕಣ್ಣಿಗೂ ಬೀಳದ ಇಂತಹ ತಿದ್ದುಪಡಿ ನಮಗೆ ಹೊಸ ಸೌಲಭ್ಯಕ್ಕಿಂತ ಮಿಗಿಲು. ಉಚ್ಚಾರಣೆಯನ್ನನುಸರಿಸಿ ಟೈಪು ಮಾಡುವ ಕನ್ನಡ ಕೀಲಿಮಣೆ ವಿಂಡೋಸ್ 10ಕ್ಕೆ ಸೇರಿದ್ದು 2019ರ ಮೇ ತಿಂಗಳ ಪರಿಷ್ಕರಣೆಯಲ್ಲಿ. ನಮ್ಮದೇ ಕರಾವಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದಕ್ಕೆ ಎಷ್ಟೋ ಮೊದಲೇ ಕನ್ನಡಿಗರ ಬೆರಳುಗಳಲ್ಲಿ ಕುಳಿತಿತ್ತು.

ಗುಂಡ್ಯದ ಪೇಟೆಯಲ್ಲಿ ಕಿವಿಗೆ ಬೀಳುವ ತುಳುವಿನ ಸರದಿ ಈಗ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್‌ನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರೆಯಿತು. ಸಂಕೇತಸಂಖ್ಯೆ ದೊರೆತ ಮಾತ್ರಕ್ಕೆ ಅಕ್ಷರ ಪರದೆಯ ಮೇಲೆ ಮೂಡದು. ಅಕ್ಷರಶೈಲಿ ಬೇಕು, ಕೀಲಿಮಣೆ ಬೇಕು, ಅವೆರಡನ್ನೂ ಹೊತ್ತು ತರುವ ಪರಿಷ್ಕರಣೆ ಬೇಕು. ಆ ಪರಿಷ್ಕರಣೆ ಬರುವಾಗ ಸಂಘದ ಹಳೆಯ ಯಂತ್ರಗಳು ಅದನ್ನು ಪಡೆಯುವ ಸಾಲಿನಲ್ಲಿ ಇರುವುದಿಲ್ಲ.

ಕಾರ್ಯದರ್ಶಿಯ ಪ್ರಶ್ನೆಗೆ ಮರಳೋಣ. ನಾನು ಸೇವೆಯಲ್ಲಿದ್ದಷ್ಟು ಕಾಲವೂ ನಮ್ಮ ಬಜೆಟ್ಟಿನಲ್ಲಿ ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ಎರಡು ಜಾತಿಗಳಿದ್ದವು. ಕಟ್ಟುವುದು ಯೋಜನೆ, ಕಾಪಾಡುವುದು ಯೋಜನೇತರ. ಮೊದಲನೆಯದಕ್ಕೆ ಉದ್ಘಾಟನೆಯ ಫಲಕ, ಎರಡನೆಯದಕ್ಕೆ ಕತ್ತರಿ. 2017-18ರ ಬಜೆಟ್ಟಿನೊಡನೆ ಕೇಂದ್ರ ಆ ವಿಭಜನೆಯನ್ನು ಕೈಬಿಟ್ಟಿತು, ಮನೋಧರ್ಮ ಉಳಿಯಿತು. ನಮ್ಮ ಘಾಟಿಯ ರಸ್ತೆಯನ್ನೇ ನೋಡಿ. 2015ರಲ್ಲೊಮ್ಮೆ, 2018ರಲ್ಲಿ ಮತ್ತೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದರು. ತೆರೆದ ಕೆಲವೇ ವಾರಗಳಲ್ಲಿ ಆಗಸ್ಟಿನ ಮಳೆಗೆ ಗುಡ್ಡ ಜರಿದು ಮತ್ತೆ ಮುಚ್ಚಿತು. ರಸ್ತೆಗೆ ಸಿಕ್ಕ ಗಮನ ಮೋರಿಗೆ, ಚರಂಡಿಗೆ, ಗುಡ್ಡದ ಅಂಚಿಗೆ ಸಿಕ್ಕುವುದಿಲ್ಲ. ಗಣಕೀಕರಣದ ಕಥೆಯೂ ಅದೇ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸ್ವಾಗತಾರ್ಹವೇ. ಆದರೆ ಯಂತ್ರ ಕೊಡುವಾಗಲೇ ಅದರ ಕಾರ್ಯಾಚರಣ ವ್ಯವಸ್ಥೆಗೆ ದುರಸ್ತಿ ಎಂದಿನವರೆಗೆ, ನಂತರ ಖರ್ಚು ಯಾರದು ಎಂಬ ಎರಡು ಸಾಲು ಆದೇಶದಲ್ಲಿ ಇರಬೇಕಲ್ಲವೆ? ಸವಕಳಿಯನ್ನು ನಾವು ಯಂತ್ರದ ವಯಸ್ಸಿನಿಂದ ಅಳೆಯುತ್ತೇವೆ. ಈಗ ಯಂತ್ರದ ಆಯುಷ್ಯವನ್ನು ನಿರ್ಧರಿಸುವುದು ಅದರ ತುಕ್ಕಲ್ಲ, ಬೇರೊಂದು ದೇಶದಲ್ಲಿ ಪ್ರಕಟವಾದ ದಿನಾಂಕ.

ದಾರಿಗಳು ಇಲ್ಲದಿಲ್ಲ. ಹೆಚ್ಚುವರಿ ಭದ್ರತಾ ದುರಸ್ತಿಯನ್ನು ಹಣ ಕೊಟ್ಟು ಪಡೆಯಬಹುದು. ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಅಂದರೆ ಐದು ಸಾವಿರ ರೂಪಾಯಿಗೂ ಮಿಕ್ಕಿ. ಮುಂದಿನ ಎರಡು ವರ್ಷ ಅದು ದುಪ್ಪಟ್ಟಾಗುತ್ತ ಹೋಗುತ್ತದೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ 30 ಡಾಲರ್, ಅಥವಾ ಸೆಟ್ಟಿಂಗುಗಳನ್ನು ಸಂಸ್ಥೆಯ ಖಾತೆಗೆ ಜೋಡಿಸಿದರೆ ಉಚಿತ ಎಂದು ಪ್ರಕಟಿಸಲಾಯಿತು. ಗ್ರಾಹಕ ಸಂಘಟನೆ ಪಟ್ಟು ಹಿಡಿದ ಮೇಲೆ 2025ರ ಸೆಪ್ಟೆಂಬರಿನಲ್ಲಿ ಯೂರೋಪಿನವರಿಗೆ ಆ ಷರತ್ತನ್ನು ಸಡಿಲಿಸಿದರು. ನಾವು ಕೇಳಲಿಲ್ಲ, ನಮಗೆ ಸಿಗಲಿಲ್ಲ.

ಇನ್ನೊಂದು ದಾರಿ ಲಿನಕ್ಸ್. ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳು ಅದರ ಮೇಲೆಯೇ ನಡೆಯುತ್ತವೆ. ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಲ್ಲಿ ಮುಕ್ತ ತಂತ್ರಾಂಶ ಬಳಸಿ ಮೂರು ಸಾವಿರ ಕೋಟಿ ರೂಪಾಯಿ ಉಳಿಸುತ್ತಿರುವುದಾಗಿ ಅಲ್ಲಿನ 'ಕೈಟ್' ಸಂಸ್ಥೆ 2019ರಲ್ಲಿ ಹೇಳಿತ್ತು. ಉಳಿತಾಯದ ಅಂಕಿಯನ್ನು ಲೆಕ್ಕ ಹಾಕುವ ಬಗೆಯಲ್ಲಿ ನನಗೆ ತಕರಾರಿದೆ. ಕೊಳ್ಳದೇ ಇದ್ದದ್ದಕ್ಕೆ ಪೂರ್ತಿ ಬೆಲೆ ಕಟ್ಟುವುದು ಲೆಕ್ಕಿಗರಿಗೆ ಪ್ರಿಯವಾದ ಆಟ. ಆದರೂ ದಿಕ್ಕು ಸರಿ.

ಕೊನೆಗೆ ಸಂಘದವರು ಮಾಡಿದ್ದು ಹೀಗೆ. ವ್ಯವಹಾರದ ಎರಡು ಯಂತ್ರಗಳಿಗೆ ಒಂದು ವರ್ಷದ ದುರಸ್ತಿಯನ್ನು ಕೊಂಡರು. ಮೂರನೆಯದಕ್ಕೆ ಪೇಟೆಯ ಹುಡುಗನೊಬ್ಬ ಉಬುಂಟು 24.04 ಹಾಕಿಕೊಟ್ಟ. ಹಳೆಯ ಮುದ್ರಕವನ್ನು ಒಲಿಸಿಕೊಳ್ಳಲು ಎರಡು ದಿನ ಹಿಡಿಯಿತು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಅದರಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಮೊದಲೇ ಇತ್ತಾದ್ದರಿಂದ ಗುಮಾಸ್ತೆ ಮಧ್ಯಾಹ್ನದೊಳಗೆ ಸಭೆಯ ನೋಟೀಸನ್ನು ಟೈಪು ಮಾಡಿ ಮುಗಿಸಿದರು. ಲೆಕ್ಕಪರಿಶೋಧಕರು ಇನ್ನೂ ಬಂದಿಲ್ಲ. ಮುಂದಿನ ವರ್ಷದ ಅಂದಾಜು ಪಟ್ಟಿಯಲ್ಲಿ ಕಾರ್ಯದರ್ಶಿ 'ಗಣಕಯಂತ್ರ ದುರಸ್ತಿ ಮತ್ತು ಪರಿಷ್ಕರಣೆ' ಎಂದು ಹೊಸ ಸಾಲೊಂದನ್ನು ಬರೆದಿದ್ದಾರೆ. ಅದರ ಮುಂದಿನ ಮೊಬಲಗಿನ ಅಂಕಣ ನಾನು ನೋಡಿದಾಗ ಖಾಲಿ ಇತ್ತು.