ಗೋಡೆಯೊಳಗೆ ಜೇನು ಸೇರಿದಾಗ

ನಿಮ್ಮ ಮನೆ ಗೋಡೆ ಎಂದಾದರೂ ‘ಗುಂಯ್’ ಅಂದದ್ದುಂಟೇ? ಹೋದ ಯುಗಾದಿಗೆ ತುಮಕೂರಿನಿಂದ ಗುಬ್ಬಿ ಹತ್ತಿರದ ನಮ್ಮತ್ತೆಯ ತೋಟದ ಮನೆಗೆ ಹೋಗಿದ್ದೆ. ಅಡುಗೆಮನೆ ಗೋಡೆಯ ಬಿರುಕಿನಲ್ಲಿ ಜೇನುಹುಳಗಳು ಒಂದೇ ಸಮನೆ ಹೋಗಿಬಂದು ಮಾಡ್ತಿದ್ದವು.

“ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟರಾಯ್ತು” ಅಂದ ಮೈದುನ. “ಮನೆಗೆ ಬಂದಿದ್ದನ್ನ ಸುಡ್ತೀಯೇನೋ?” ಅಂತ ಅತ್ತೆ ಗದರಿದರು. ನನಗೋ ಪ್ರಾಣಭಯ. ಹಿಂದೊಮ್ಮೆ ಕುಣಿಗಲ್‌ನ ತವರಿನಲ್ಲಿ ಒಂದೇ ಹುಳ ಕಚ್ಚಿ, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ ಆಸ್ಪತ್ರೆ ಸೇರಿದವಳು ನಾನು!

ಕೊನೆಗೆ ಪಕ್ಕದೂರಿನ ಜೇನು ಸಾಕುವ ಹಿರಿಯರನ್ನು ಕರೆಸಿದೆವು. “ಇದು ತುಡುವೆ ಕಣಮ್ಮ, ಹೆಜ್ಜೇನಲ್ಲ” ಅಂದರು. ಹೆಜ್ಜೇನು ಬಯಲಲ್ಲಿ, ಎತ್ತರದಲ್ಲಿ ಒಂದೇ ದೊಡ್ಡ ಹುಟ್ಟು ಕಟ್ಟುತ್ತದೆ. ತುಡುವೆ ಕತ್ತಲಿನ ಪೊಟರೆಯಲ್ಲಿ ಸಾಲಾಗಿ ಹಲವು ಹುಟ್ಟು ಕಟ್ಟುತ್ತದೆ, ಪೆಟ್ಟಿಗೆಯಲ್ಲೂ ಸಾಕಬಹುದು. 1991–92ರ ಹೊತ್ತಿಗೆ ವೈರಸ್ ರೋಗ ಬಂದು ನಮ್ಮ ಕಡೆಯ ತುಡುವೆ ಜೇನು ಬಹಳ ನಾಶವಾಯಿತಂತೆ. “ಉಳಿದಿರೋದನ್ನೂ ಸುಟ್ಟರೆ ಹೇಗಮ್ಮ?” ಅಂದರು.

ಸಂಜೆ ಹೊತ್ತಿಗೆ ಮಕ್ಕಳನ್ನೂ ನನ್ನನ್ನೂ ಕೋಣೆಯೊಳಗೆ ಕೂಡಿದರು. ತೆಂಗಿನ ನಾರಿನ ಹೊಗೆ ಹದವಾಗಿ ಹಾಕಿ, ನಾಲ್ಕು ಇಟ್ಟಿಗೆ ಬಿಡಿಸಿದರು. ಮರಿ ಇರುವ ಹುಟ್ಟುಗಳನ್ನು ಕೊಯ್ದು ಬಾಳೆನಾರಿನಿಂದ ಪೆಟ್ಟಿಗೆಯ ಚೌಕಟ್ಟುಗಳಿಗೆ ಕಟ್ಟಿದರು. ರಾಣಿ ಹುಳ ಪೆಟ್ಟಿಗೆ ಸೇರಿದ್ದೇ ತಡ, ಉಳಿದವೂ ಹಿಂದೆಯೇ ನಡೆದವು. ಕತ್ತಲಾಗಿ ಎಲ್ಲ ಹುಳ ಒಳಸೇರಿದ ಮೇಲೆ ಬಾಗಿಲು ಮುಚ್ಚಿ ತಮ್ಮೂರಿಗೆ ಒಯ್ದರು. ಹತ್ತಿರದಲ್ಲೇ ಇಟ್ಟರೆ ಹುಳಗಳು ಹಳೇ ಜಾಗಕ್ಕೇ ಮರಳುತ್ತವಂತೆ.

ನೆನಪಿಡಿ:
• ಉಳಿದ ಮೇಣ, ಜೇನು ಕೆರೆದು, ಬಿಸಿನೀರಿನಿಂದ ತೊಳೆದು ಬಿರುಕಿಗೆ ಸಿಮೆಂಟ್ ಮೆತ್ತಿಸಿ. ಇಲ್ಲದಿದ್ದರೆ ಇರುವೆ ಮುತ್ತುತ್ತದೆ, ವಾಸನೆಗೆ ಹೊಸ ಜೇನೂ ಬರಬಹುದು.
• ವಿಷ ಹೊಡೆದ ಗೂಡಿನ ಜೇನು ತಿನ್ನಬೇಡಿ.
• ಹೆಜ್ಜೇನಿಗೆ ನೀವಾಗಿ ಕೈ ಹಾಕಲೇಬೇಡಿ, ಬಲ್ಲವರನ್ನೇ ಕರೆಸಿ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.
• ಕಚ್ಚಿದರೆ ಮುಳ್ಳನ್ನು ತಕ್ಷಣ ಕೆರೆದು ತೆಗೆದು, ಅಲ್ಲಿಂದ ದೂರ ಹೋಗಿ. ಮುಳ್ಳಿನ ವಾಸನೆಗೆ ಬೇರೆ ಹುಳಗಳೂ ಕೆರಳುತ್ತವೆ.
• ತುಟಿ ಊದಿದರೆ, ಉಸಿರಾಟ ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಆ ಹಿರಿಯರು ಅರ್ಧ ಸೀಸೆ ಜೇನುತುಪ್ಪ ಕೊಟ್ಟು ಹೋದರು. ಅತ್ತೆ ಅದನ್ನು ಪಂಚಾಮೃತಕ್ಕೆಂದು ಎತ್ತಿಟ್ಟರು. ಸುಡಬೇಕೆಂದಿದ್ದ ಮೈದುನ ಮಾತ್ರ ಈಗ ತಾನೂ ಒಂದು ಪೆಟ್ಟಿಗೆ ತರುತ್ತೇನೆ ಅಂತಿದ್ದಾನೆ!