ದೋಣಿಗೆ ನೆಲವೇ ಕಷ್ಟ

ನೀರಿನಲ್ಲಿ ಹತ್ತು ಜನರನ್ನು ಸಲೀಸಾಗಿ ಹೊರುವ ದೋಣಿಯನ್ನು ದಡಕ್ಕೆ ಹತ್ತಿಸಬೇಕೆಂದರೆ ಹತ್ತು ಜನ ಸಾಲುವುದಿಲ್ಲ. ಹಗ್ಗ ಕಟ್ಟಿ ಎಳೆದರೆ ತಳ ಉಜ್ಜಿಹೋಗುತ್ತದೆ, ಮರಳಿನಲ್ಲಿ ಮೂತಿ ಹೂತುಕೊಳ್ಳುತ್ತದೆ.

ತಿ. ನರಸೀಪುರದಲ್ಲಿ ಕಪಿಲೆ, ಅಂದರೆ ಕಬಿನಿ, ಕಾವೇರಿಯನ್ನು ಕೂಡುವ ಕಡೆ ಬಿದಿರಿನ ದುಂಡು ತೆಪ್ಪ ಹಾಕುವವರಿಗೆ ಮಾತ್ರ ಈ ಫಜೀತಿ ಇಲ್ಲ. ಮೀನು ಹಿಡಿಯುವ ಸಣ್ಣ ತೆಪ್ಪವಾದರೆ ಒಬ್ಬನೇ ಅಂಚು ಹಿಡಿದು ಎತ್ತುತ್ತಾನೆ, ಬೋರಲು ಮಾಡಿ ಬೆನ್ನ ಮೇಲೆ ಹಾಕಿಕೊಳ್ಳುತ್ತಾನೆ, ಹುಟ್ಟನ್ನು ಕೈಯಲ್ಲಿ ಹಿಡಿದು ಹೊರಡುತ್ತಾನೆ. ಹಿಂದಿನಿಂದ ನೋಡಿದವರಿಗೆ ಆಳು ಕಾಣುವುದಿಲ್ಲ. ಡಾಂಬರು ಬಳಿದ ದೊಡ್ಡ ಮಂಕರಿಯೊಂದಕ್ಕೆ ಕಾಲು ಬಂದ ಹಾಗಿರುತ್ತದೆ. ಕೆಲಸ ಮುಗಿದ ಮೇಲೂ ತೆಪ್ಪವನ್ನು ದಡದಲ್ಲಿ ಬೋರಲೇ ಹಾಕುತ್ತಾರೆ. ಒಳಗಿನ ನೀರು ಬಸಿದುಹೋಗಿ ಬಿದಿರು ಒಣಗಬೇಕಲ್ಲ.

ಈ ಹಗುರತನದ ಗುಟ್ಟು ಕಟ್ಟುವ ರೀತಿಯಲ್ಲಿದೆ. ಸೀಳಿದ ಬಿದಿರಿನ ದಬ್ಬೆಗಳನ್ನು ನಡುವಿನಿಂದ ಹೆಣೆಯುತ್ತ ಬಂದು, ಮೇಲಕ್ಕೆ ಬಾಗಿಸಿ, ಅಂಚನ್ನು ದಪ್ಪವಾಗಿ ಬಿಗಿಯುತ್ತಾರೆ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಗೊಬ್ಬರದ ಚೀಲ, ಅದರ ಮೇಲೆ ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ ಇಂಥ ದುಂಡು ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ದಾಟಿಸುತ್ತಿದ್ದುದನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಗಿದೆ, ಆಕಾರ ಹಾಗೆಯೇ ಇದೆ.

ತೆಪ್ಪಕ್ಕೆ ಮೂತಿಯಿಲ್ಲ, ಬೆನ್ನುಮರವಿಲ್ಲ. ಗೇಣುದ್ದ ನೀರಿದ್ದರೂ ತೇಲುತ್ತದೆ. ಆದರೆ ಹರಿವಿಗೆ ಎದುರಾಗಿ ಒಯ್ಯುವುದು ಮಾತ್ರ ಮೈಮುರಿಯುವ ಕೆಲಸ. ಬುದ್ಧಿವಂತ ಅಂಬಿಗ ಹೊಳೆಯ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ತೆಪ್ಪ ಹೊತ್ತು ದಡದ ಮೇಲೇ ಮೇಲಕ್ಕೆ ನಡೆದು, ಅಲ್ಲಿ ನೀರಿಗೆ ಹಾಕಿ, ಹರಿವಿನ ಜೊತೆ ಓರೆಯಾಗಿ ಇಳಿದು ಬೇಕಾದ ಕಡೆ ದಡ ಸೇರುತ್ತಾನೆ. ನೆಲದ ನಡಿಗೆಯೂ ದಾಟುವ ಕೆಲಸದ ಪಾಲೇ.

ಬೇಸಿಗೆಯ ಹೊಳೆಯ ಮಾತೇ ಬೇರೆ. 1799ರ ಮಾರ್ಚ್‌ನಲ್ಲಿ ಮಳವಳ್ಳಿಯ ಕಾಳಗ ಮುಗಿಸಿ ಟಿಪ್ಪುವಿನ ಶ್ರೀರಂಗಪಟ್ಟಣದ ಕಡೆ ಹೊರಟ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೈನ್ಯ, ತೋಪು ಬಂಡಿಗಳ ಸಮೇತ, ಇದೇ ನರಸೀಪುರದ ಪಕ್ಕದ ಸೋಸಲೆಯ ಬಳಿ ಕಾವೇರಿಯನ್ನು ದಾಟಿತು. ನೀರು ಇಳಿದಿತ್ತು, ಕಡವು ಸಿಕ್ಕಿತ್ತು. ಅತ್ತ ನಂಜನಗೂಡಿನವರಿಗೆ 1735ರಷ್ಟು ಹಿಂದೆಯೇ ಕಪಿಲೆಗೆ ಕಲ್ಲಿನ ಸೇತುವೆ ಬಂತು. ಮುಂದೆ ಅದರ ಮೇಲೆ ರೈಲೂ ಓಡಿತು.

ಆದರೂ ಕಪಿಲೆ ಉಕ್ಕಿದಾಗ ಸೇತುವೆಗಳು ಸಾಲುವುದಿಲ್ಲ. 2018ರಲ್ಲೂ 2019ರಲ್ಲೂ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಮುಳುಗಿತ್ತು. ಇಂಥ ಹೊತ್ತಿನಲ್ಲಿ ಬೇಕಾಗುವುದು ರಬ್ಬರ್ ದೋಣಿ, ಫೈಬರ್ ದೋಣಿ. ತೆಪ್ಪದಂತೆ ಇವು ಬೆನ್ನೇರುವುದಿಲ್ಲ. ಎಂಜಿನ್ ಕೂಡಿಸಿದರೆ ನೂರು ಕಿಲೋ ಮೀರುತ್ತವೆ. ಲಾರಿಯಿಂದ ಇಳಿಸಿದ ಮೇಲೆ ನೀರಿನವರೆಗೆ ಕೆಸರು, ಗದ್ದೆಯ ಬದು, ಕಬ್ಬಿನ ಕೂಳೆ. ಟ್ರೇಲರ್ ಚಕ್ರ ಅಲ್ಲಿ ಹೂತುಹೋಗುತ್ತದೆ.

ಇಂಥ ಕಡೆಗೇ ಹೊರದೇಶಗಳಲ್ಲಿ ಸಣ್ಣ ದೋಣಿ ಇಟ್ಟುಕೊಂಡವರು ಗಾಳಿ ತುಂಬುವ ರೋಲರ್ ಬಳಸುತ್ತಾರೆ. ನೋಡಲು ಏನೂ ಇಲ್ಲ: ಪಿವಿಸಿ ಲೇಪಿಸಿದ ಗಟ್ಟಿ ಬಟ್ಟೆಯ ಉದ್ದ ಕೊಳವೆ, ತುದಿಯಲ್ಲೊಂದು ವಾಲ್ವ್. ಗಾಳಿ ಬಿಟ್ಟರೆ ಸುತ್ತಿ ಚೀಲದಲ್ಲಿಡಬಹುದು. ಕಾಲಿನಿಂದ ತುಳಿಯುವ ಪಂಪು ಸಾಕು. ದೋಣಿಯ ಮೂತಿ ಎತ್ತಿ ಒಂದನ್ನು ಅಡಿಗೆ ತಳ್ಳುತ್ತಾರೆ, ಮುಂದೆ ಇನ್ನೊಂದನ್ನು ಅಡ್ಡ ಹಾಕುತ್ತಾರೆ, ದೋಣಿಯನ್ನು ನೂಕುತ್ತಾರೆ. ದೋಣಿ ಎರಡಡಿ ಮುಂದೆ ಹೋದರೆ ಅಡಿಯಲ್ಲಿ ಉರುಳುವ ರೋಲರ್ ಒಂದೇ ಅಡಿ ಹೋಗುತ್ತದೆ. ಹಾಗಾಗಿ ಅದು ಹಿಂದೆ ಬೀಳುತ್ತಾ ಕಡೆಗೆ ಬುಡದಿಂದ ಹೊರಬರುತ್ತದೆ. ಅದನ್ನೆತ್ತಿಕೊಂಡು ಓಡಿ ಮತ್ತೆ ಮುಂದೆ ಹಾಕಬೇಕು. ಎರಡೇ ಇದ್ದರೆ ಹಾಕುವಷ್ಟರಲ್ಲಿ ದೋಣಿ ನೆಲಕಚ್ಚುತ್ತದೆ. ಮೂರಿದ್ದರೆ ಕೆಲಸ ನಿಲ್ಲುವುದಿಲ್ಲ.

ಮರದ ದಿಂಡು ಹಾಕಿದರೆ ಆಗದೇ? ಗಟ್ಟಿ ನೆಲದಲ್ಲಿ ಆಗುತ್ತದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಮುತ್ತಿದ ಸುಲ್ತಾನ ಎರಡನೆಯ ಮೆಹ್ಮದ್ ಸುಮಾರು 70 ಹಡಗುಗಳನ್ನು ಕೊಬ್ಬು ಸವರಿದ ದಿಮ್ಮಿಗಳ ಮೇಲೆ ಗುಡ್ಡ ದಾಟಿಸಿದ್ದ. ಮರಳಿನಲ್ಲಿ, ಕೆಸರಿನಲ್ಲಿ ಮಾತ್ರ ದಿಂಡು ನೆಲಕ್ಕೆ ತಾಗುವ ಜಾಗ ಕಡಿಮೆ, ಹಾಗಾಗಿ ಭಾರ ಬಿದ್ದ ಕೂಡಲೇ ಒಳಗಿಳಿಯುತ್ತದೆ. ಗಾಳಿಯ ರೋಲರ್ ಭಾರಕ್ಕೆ ಚಪ್ಪಟೆಯಾಗಿ ಅಗಲವಾಗುತ್ತದೆ. ಲೆಕ್ಕ ಸುಲಭ: ಒಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ನೂರು ಗ್ರಾಂ ಇದ್ದರೆ, 200 ಕಿಲೋ ದೋಣಿ ಹೊರಲು ಒಟ್ಟು 2000 ಚದರ ಸೆಂಟಿಮೀಟರ್ ನೆಲಕ್ಕೊತ್ತಬೇಕು. ಒಂದು ಮೀಟರ್ ಉದ್ದದ ಎರಡು ರೋಲರ್‌ಗಳು ತಲಾ ಹತ್ತು ಸೆಂಟಿಮೀಟರ್ ಅಗಲಕ್ಕೆ ಚಪ್ಪಟೆಯಾದರೆ ಆಯಿತು. ನಡೆಯುವ ಮನುಷ್ಯನ ಕಾಲು ನೆಲಕ್ಕೆ ಕೊಡುವ ಒತ್ತಡ ಇದಕ್ಕಿಂತ ಹೆಚ್ಚು. ಗಟ್ಟಿಯಾಗಲಿ ಎಂದು ಬಿಗಿಯಾಗಿ ಗಾಳಿ ತುಂಬುವವರು ಇದರ ಲಾಭವನ್ನೇ ಕಳೆದುಕೊಳ್ಳುತ್ತಾರೆ. ಮೆತ್ತಗಿದ್ದರೇ ಚೆನ್ನ. ಮೇಲಾಗಿ ನಮ್ಮ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುವುದರಿಂದ ಬಿಗಿ ತುಂಬಿದ್ದರ ಬೆಸುಗೆ ಬಿಡಲೂಬಹುದು.

ಇದೇ ತತ್ವವನ್ನು ದೊಡ್ಡದು ಮಾಡಿದವರು ಚೀನಾದವರು. 1980ರ ದಶಕದಿಂದ ಅಲ್ಲಿನ ಹಡಗುಕಟ್ಟೆಗಳಲ್ಲಿ ರಬ್ಬರಿನ ಭಾರಿ ಗಾಳಿಚೀಲಗಳ ಮೇಲೆ ಉರುಳಿಸಿ ಹಡಗುಗಳನ್ನೇ ನೀರಿಗೆ ಬಿಡುತ್ತಾರೆ. ಪಂಗುನಿಯ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆದು, ಆಮೇಲೆ ಕಪಿಲೆಯಲ್ಲಿ ತೆಪ್ಪೋತ್ಸವ ಮಾಡುವ ನಂಜನಗೂಡಿನವರಿಗೆ ಭಾರ ಉರುಳಿಸುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಕೊರತೆಯೂ ಇದೆ. ನಮ್ಮ ಹೊಳೆದಂಡೆಯೆಂದರೆ ಜಾಲಿ ಮುಳ್ಳು, ಒಡೆದ ಬಾಟಲಿ. ತೂತಾದರೆ ಕೆಲಸ ಅಲ್ಲಿಗೇ ನಿಂತಿತು. ಹಳೆಯ ಟಾರ್ಪಾಲು ಹಾಸಿ ಅದರ ಮೇಲೆ ಉರುಳಿಸುವುದು ಒಳ್ಳೆಯದು, ಜೊತೆಗೆ ತೇಪೆ ಸಾಮಾನು ಇರಲೇಬೇಕು. ಸ್ನಾನಘಟ್ಟದ ಕಲ್ಲು ಮೆಟ್ಟಿಲಿನ ಮೇಲಂತೂ ಇದು ನಡೆಯುವುದಿಲ್ಲ. ಇಳಿಜಾರಿನಲ್ಲಿ ಹಿಂದಿನಿಂದ ಹಗ್ಗ ಹಿಡಿಯುವವರಿಲ್ಲದೆ ಉರುಳಿಸಿದರೆ ದೋಣಿ ಕೈತಪ್ಪಿ ಮುಂದಿರುವವರ ಕಾಲ ಮೇಲೆ ಹೋಗುತ್ತದೆ.

ತೆಪ್ಪಕ್ಕೆ ಇದ್ಯಾವುದೂ ಬೇಡ, ಅದು ಹಾಗೆಯೇ ಇರಲಿ. ಆದರೆ ಕಪಿಲೆ ಕಾವೇರಿಯ ದಂಡೆಯ ತಾಲ್ಲೂಕುಗಳಿಗೆ ಮಳೆಗಾಲಕ್ಕೆಂದು ರಬ್ಬರ್ ದೋಣಿ ಕೊಳ್ಳುವವರು ಅದರ ಪಟ್ಟಿಯಲ್ಲೇ ಮೂರು ರೋಲರ್, ಒಂದು ಕಾಲುಪಂಪು, ಒಂದು ಟಾರ್ಪಾಲು ಸೇರಿಸಲಿ. ನೆರೆ ಬರುವ ಮುಂಚೆ, ಜೂನ್‌ಗೆ ಮೊದಲೇ, ಕೆಸರುಗದ್ದೆಯಲ್ಲಿ ಒಮ್ಮೆ ಉರುಳಿಸಿ ನೋಡಿಯೂ ಬಿಡಲಿ.