ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಮಕ್ಕಳು

ಪರದೇಶದಲ್ಲಿ ವಿದ್ಯಾಭ್ಯಾಸ ಮಾಡುವುದೆಂದರೆ ಒಂದು ಕಾಲಕ್ಕೆ ಜಿಲ್ಲೆಗೊಬ್ಬರ ಭಾಗ್ಯವಾಗಿತ್ತು. ಬೆಳಗಾವಿ ಜಿಲ್ಲೆಯಲ್ಲಿ ಜನಿಸಿದ ಡಾ. ಡಿ. ಸಿ. ಪಾವಟೆಯವರು 1920ರ ದಶಕದಲ್ಲಿ ಕೇಂಬ್ರಿಜ್ಜಿಗೆ ಹೋಗಿ, ಗಣಿತದಲ್ಲಿ ರ‍್ಯಾಂಗ್ಲರ್ ಎನಿಸಿಕೊಂಡು ಮರಳಿದ ಸಂಗತಿಯನ್ನು ನಮ್ಮ ಹಿರಿಯರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಇಂದು ಹಾಗಿಲ್ಲ. ಇಂಜಿನಿಯರಿಂಗ್ ಮುಗಿಸಿದ ಮಗನೋ ಮಗಳೋ ಉನ್ನತ ವ್ಯಾಸಂಗಕ್ಕಾಗಿ ಹೊರದೇಶಕ್ಕೆ ಹೊರಟಿರುವ ಮನೆಗಳು ತಾಲೂಕು ಪಟ್ಟಣಗಳಲ್ಲಿಯೂ ಕಾಣಸಿಗುತ್ತವೆ. ಅವರಲ್ಲಿ ಜರ್ಮನಿಯನ್ನು ಆರಿಸಿಕೊಳ್ಳುವವರ ಸಂಖ್ಯೆ ಕಡಿಮೆಯೇನಲ್ಲ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಅಲ್ಲಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ಪಡೆಯುವುದಿಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ಪ್ರಾಂತವು 2017ರಿಂದ ಯುರೋಪು ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಪ್ರತಿ ಸೆಮಿಸ್ಟರಿಗೆ 1,500 ಯೂರೋ ವಿಧಿಸಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಶುಲ್ಕವನ್ನು ಜಾರಿಗೆ ತಂದಿತು. ಆದರೆ ಶುಲ್ಕವಿಲ್ಲವೆಂದ ಮಾತ್ರಕ್ಕೆ ಖರ್ಚಿಲ್ಲವೆಂದು ತಿಳಿಯಲಾಗದು. ವೀಸಾ ದೊರೆಯಬೇಕಾದರೆ ಒಂದು ವರ್ಷದ ಜೀವನ ವೆಚ್ಚವನ್ನು ಮೊದಲೇ ಒಂದು ಖಾತೆಯಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ 11,904 ಯೂರೋ, ಅಂದರೆ 2025ರ ಕೊನೆಯ ದರದಲ್ಲಿ ಸುಮಾರು 12 ಲಕ್ಷ ರೂಪಾಯಿ. ಈ ಹಣ ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿಯ ಕೈಸೇರುತ್ತದೆ. ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಧಾರ ಕೇಳುತ್ತವೆ. ಹೊಲವನ್ನು ಆಧಾರವಾಗಿ ಸ್ವೀಕರಿಸಲು ಹಿಂಜರಿಯುತ್ತವೆ. ಹೀಗಾಗಿ ಇಪ್ಪತ್ತು ಎಕರೆಯ ಒಡೆಯನೂ ಪಟ್ಟಣದಲ್ಲಿರುವ ಮನೆಯನ್ನೇ ಒತ್ತೆಯಿಡಬೇಕಾಗುತ್ತದೆ. ಆ ಮನೆಯ ಭಾರವನ್ನು ಮಗ ಹೆಗಲ ಮೇಲೆ ಹೊತ್ತೇ ವಿಮಾನ ಏರುತ್ತಾನೆ.

ರಜೆಗೆ ಊರಿಗೆ ಬಂದಿದ್ದ ಕೆಲವು ವಿದ್ಯಾರ್ಥಿಗಳನ್ನು ನಾವು ಮಾತನಾಡಿಸಿದೆವು. ಅವರ ಇಚ್ಛೆಯಂತೆ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ.

ಚಳಿಗಾಲದ ಸೆಮಿಸ್ಟರು ಅಕ್ಟೋಬರಿನಲ್ಲಿ ಆರಂಭವಾಗುತ್ತದೆ. ಡಿಸೆಂಬರಿನ ಹೊತ್ತಿಗೆ ಸಂಜೆ ನಾಲ್ಕು, ನಾಲ್ಕೂವರೆಗೇ ಕತ್ತಲು. "ಚಳಿಗೆ ಕೋಟು ಇದೆ, ಕತ್ತಲೆಗೆ ಏನೂ ಇಲ್ಲ ನೋಡ್ರಿ" ಎಂದು ಧಾರವಾಡದ ಕಡೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಭಾನುವಾರ ಅಂಗಡಿಗಳನ್ನು ಮುಚ್ಚಬೇಕೆಂಬುದು ಅಲ್ಲಿಯ ಕಾನೂನು. ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ತರಲು ಮರೆತವರು ಸೋಮವಾರದವರೆಗೆ ಇದ್ದುದರಲ್ಲಿಯೇ ದಿನ ಕಳೆಯಬೇಕು. ಜೋಳದ ಹಿಟ್ಟನ್ನು ಊರಿನಿಂದ ಒಯ್ದವಳಿಗೆ ವಿದ್ಯುತ್ ಒಲೆಯ ಮೇಲೆ ರೊಟ್ಟಿ ಉಬ್ಬಲಿಲ್ಲವಂತೆ. ಒಗ್ಗರಣೆಯ ಹೊಗೆಗೆ ವಸತಿಗೃಹದ ಬೆಂಕಿಯ ಗಂಟೆ ಬಾರಿಸಿ, ನೆರೆಯವರೆಲ್ಲ ಚಳಿಯಲ್ಲಿ ಹೊರಗೆ ನಿಲ್ಲುವಂತಾದ ಪ್ರಸಂಗವನ್ನು ಆಕೆ ನಗುತ್ತಲೇ ವಿವರಿಸಿದಳು. ಅದಾದ ಮೇಲೆ ನಾಲ್ವರು ಕೂಡಿ ಸರದಿಯಂತೆ ಶಾಕಾಹಾರ ಅಡುಗೆ ಮಾಡಿಕೊಳ್ಳುವ ಏರ್ಪಾಡಾಯಿತು. ಅವರಲ್ಲಿ ಒಬ್ಬ ಕೇರಳದವನು, ಒಬ್ಬಳು ಇರಾನಿನವಳು.

ವಿದ್ಯಾರ್ಥಿಗಳಿಗೆ ಕೆಲಸ ಮಾಡುವ ಅವಕಾಶವೂ ಉಂಟು. 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದಾಗಿದೆ. ಉಗ್ರಾಣದಲ್ಲಿ ಪೆಟ್ಟಿಗೆ ಜೋಡಿಸುವುದು, ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು ಇಂಥವೇ ಮೊದಲಿಗೆ ಸಿಗುವ ಕೆಲಸಗಳು. ಮನೆಯಲ್ಲಿ ತಾನುಂಡ ತಟ್ಟೆಯನ್ನೂ ಎತ್ತದ ಗೌಡರ ಮನೆಯ ಹುಡುಗನೊಬ್ಬ ಎಂಟು ತಿಂಗಳು ಪಾತ್ರೆ ತೊಳೆದು ತನ್ನ ಕೋಣೆಯ ಬಾಡಿಗೆಯನ್ನು ತಾನೇ ಕಟ್ಟಿದ್ದಾನೆ. ಆದರೆ ಊರಿನಲ್ಲಿ ಆತ "ಕಂಪನಿಯಲ್ಲಿ ಕೆಲಸ" ಎಂದಷ್ಟೇ ಹೇಳಿದ್ದಾನೆ. ಕಾಯಕವನ್ನು ಹಾಡಿ ಹೊಗಳುವ ನಮ್ಮ ಮನೆಗಳಲ್ಲಿ ಹುಡುಗನಿಗೆ ಇದನ್ನು ಹೇಳಲು ಸಂಕೋಚವಾಗಿದ್ದರೆ ಆ ಸಂಕೋಚ ಅವನದಲ್ಲ, ನಮ್ಮದು.

ಪರೀಕ್ಷೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಕೇವಲ ಉತ್ತೀರ್ಣ, 5.0 ಎಂದರೆ ಅನುತ್ತೀರ್ಣ. ಮಗಳಿಗೆ 1.3 ಬಂದಿತೆಂದು ಕೇಳಿ ತಾಯಿಯೊಬ್ಬರು ಎರಡು ದಿನ ಕೊರಗಿದರಂತೆ! ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯದ ಪರೀಕ್ಷೆಗೆ ಮೂರು ಬಾರಿ ಮಾತ್ರ ಕುಳಿತುಕೊಳ್ಳಬಹುದು. ಕಡ್ಡಾಯ ವಿಷಯವೊಂದರಲ್ಲಿ ಮೂರನೆಯ ಬಾರಿಯೂ ತಪ್ಪಿದರೆ ಆ ವ್ಯಾಸಂಗಕ್ರಮದಿಂದಲೇ ಹೊರಬೀಳಬೇಕಾಗುತ್ತದೆ. ಬಳಿಕ ವಾಸದ ಪರವಾನಗಿಗೂ ತೊಡಕು. ನಮ್ಮಲ್ಲಿ ಬಾಕಿ ಉಳಿದ ವಿಷಯವನ್ನು ಮುಂದಿನ ವರ್ಷ ಕಟ್ಟುವ ಸಲೀಸು ಅಲ್ಲಿಲ್ಲ ಎಂಬುದನ್ನು ಪೋಷಕರು ಹೊರಡುವ ಮುನ್ನವೇ ತಿಳಿದಿರುವುದು ಒಳಿತು.

ನಾವು ಕಂಡ ಯುವಕನೊಬ್ಬ ಒಂದು ವಿಷಯದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿದ್ದ. ಮೂರನೆಯ ಪರೀಕ್ಷೆಗೆ ಮುಂಚಿನ ಆರು ವಾರ ಪ್ರತಿರಾತ್ರಿ ತಂದೆ ಫೋನಿನಲ್ಲಿ "ಆರಾಮ ಅದಿಯಲ್ಲಪ್ಪಾ?" ಎಂದು ಕೇಳುತ್ತಿದ್ದರು. "ಆರಾಮ ಅದೀನ್ರಿ ಅಪ್ಪಾಜಿ" ಎಂದು ಈತ ಉತ್ತರಿಸುತ್ತಿದ್ದ. ಮನೆಯ ಪತ್ರ ಬ್ಯಾಂಕಿನಲ್ಲಿದ್ದುದರಿಂದ ಬೇರೆ ಮಾತು ಬಾಯಿಗೆ ಬರಲಿಲ್ಲವೆಂದ. ಕೊನೆಗೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗಾಗಿ ಇರುವ ಸಲಹೆಗಾರರ ಬಳಿ ಹೋಗಿ ಮನಸ್ಸನ್ನು ತೋಡಿಕೊಂಡನಂತೆ. ಅದಕ್ಕೆ ಹಣ ಕೊಡಬೇಕಾಗಿರಲಿಲ್ಲ. ಮೂರನೆಯ ಬಾರಿ 3.7 ಬಂದು ಪಾರಾದ. ಮನೆಯಲ್ಲಿ ಈ ಸಂಗತಿ ಇಂದಿಗೂ ಗೊತ್ತಿಲ್ಲ.

ದುಃಖದ ಮಾತೇ ಹೆಚ್ಚಾಯಿತೆಂದು ಓದುಗರು ಭಾವಿಸಬಾರದು. 2024ರಿಂದ ಅನೇಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ದೇಶದಾದ್ಯಂತ ಸ್ಥಳೀಯ ರೈಲು, ಬಸ್ಸುಗಳಲ್ಲಿ ಸಂಚರಿಸುವ ರಿಯಾಯಿತಿ ಟಿಕೀಟು ದೊರೆಯುತ್ತಿದೆ. ಬುತ್ತಿ ಕಟ್ಟಿಕೊಂಡು ಊರೂರು ಸುತ್ತುವ ಸಂತೋಷ ಇವರಿಗಿದೆ. ಮೇಲೆ ಹೇಳಿದ ವಿದ್ಯಾರ್ಥಿನಿ ಹೀಗೆಯೇ ಟ್ಯೂಬಿಂಗೆನ್ ನಗರಕ್ಕೆ ಹೋಗಿ ಬಂದಿದ್ದಾಳೆ. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ರೆವರೆಂಡ್ ಕಿಟ್ಟೆಲರಿಗೆ 1896ರಲ್ಲಿ ಡಾಕ್ಟರೇಟ್ ನೀಡಿ ಗೌರವಿಸಿದ ವಿಶ್ವವಿದ್ಯಾಲಯವಿರುವುದು ಅಲ್ಲಿಯೇ. ಅವರು 1903ರಲ್ಲಿ ಕೊನೆಯುಸಿರೆಳೆದದ್ದೂ ಆ ಊರಿನಲ್ಲಿಯೇ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಭಾಷೆಯರಿಯದ ನಾಡಿಗೆ ಬಂದ ಆ ಜರ್ಮನ್ ತರುಣನ ಮೊದಲ ದಿನಗಳು ಹೇಗಿದ್ದವೋ ಎಂದು ನದಿಯ ದಡದಲ್ಲಿ ಕುಳಿತು ಯೋಚಿಸಿದೆನೆಂದು ಆಕೆ ಹೇಳಿದಳು. ಮರಳಿ ಬಂದ ವಾರವೇ ಜರ್ಮನ್ ಭಾಷೆಯ ಸಂಜೆ ತರಗತಿಗೆ ಸೇರಿದಳಂತೆ.

ಮಕ್ಕಳಿಗೆ ಫೋನು ಮಾಡುವ ತಂದೆತಾಯಿಗಳಿಗೆ ಒಂದು ಸೂಚನೆ. ಅಂಕ ಎಷ್ಟು, ನೌಕರಿ ಯಾವಾಗ ಎಂಬ ಪ್ರಶ್ನೆಗಳನ್ನು ಸ್ವಲ್ಪ ದಿನ ಬದಿಗಿರಿಸಿ, ಇಂದು ಯಾರೊಡನೆ ಊಟ ಮಾಡಿದೆ ಎಂದು ಕೇಳಿರಿ. ಭಾನುವಾರ ಅಲ್ಲಿ ಅಂಗಡಿಗಳಿಲ್ಲ, ತರಗತಿಗಳೂ ಇಲ್ಲ, ಮಕ್ಕಳಿಗೆ ಬಿಡುವಿರುತ್ತದೆ. ಚಳಿಗಾಲದಲ್ಲಿ ನಮ್ಮಲ್ಲಿ ರಾತ್ರಿ ಎಂಟು ಗಂಟೆಯಾದಾಗ ಅಲ್ಲಿ ಮಧ್ಯಾಹ್ನ ಮೂರೂವರೆ, ಕತ್ತಲಾಗಲು ಇನ್ನು ಸ್ವಲ್ಪವೇ ಹೊತ್ತು.